ನಾನು ಕೊಳೆ ಅಂದ ಬೆಳಕು

ಇಲ್ಲಿಯವರೆಗೆ ನಲವತ್ತೊಂದು ಪುಸ್ತಕಗಳಿಗೆ ತೂತು ಕೊರೆದಿದ್ದೇನೆ. ಪಿಎಚ್‌ಡಿ ಬರೆದು ಮುಗಿಸಿದವರು ಪರೀಕ್ಷೆಗೆ ಮೂರು ವಾರ ಮೊದಲು ತಮ್ಮ ಪುಸ್ತಕವನ್ನು ಮೆಟ್ಟಿಲ ಬಳಿಯ ಹಲಗೆಗೆ ಮೊಳೆ ಹೊಡೆದು ನೇತುಹಾಕಬೇಕು. ಯಾರು ಬೇಕಾದರೂ ಓದಿ ತಪ್ಪು ಹುಡುಕಲಿ ಅಂತ. ಇನ್ನೂರು ಪುಟದ ಪುಸ್ತಕಕ್ಕೆ ನೇರವಾಗಿ ಮೊಳೆ ಹೊಡೆಯಲು ಹೋದರೆ ಮೊಳೆ ಸೊಟ್ಟಗಾಗುತ್ತದೆ, ಹೆಬ್ಬೆರಳು ಜಜ್ಜಿಹೋಗುತ್ತದೆ, ಕೇಕು ತಿನ್ನಲು ಬಂದವರೆಲ್ಲ ಹಲ್ಲು ಕಿರಿಯುತ್ತಾರೆ. ಅದಕ್ಕೇ ಅವತ್ತು ಬೆಳಿಗ್ಗೆ ಪುಸ್ತಕ ಮೊದಲು ನನ್ನ ಮೇಜಿಗೆ ಬರುತ್ತದೆ. ಮೇಲಿನ ಮೂಲೆಯಲ್ಲಿ ಆರು ಮಿಲಿಮೀಟರಿನ ಒಂದು ತೂತು. ಎರಡು ನಿಮಿಷದ ಕೆಲಸ.

ದೀಸಾಳ ಪುಸ್ತಕಕ್ಕೆ ಮಾತ್ರ ಒಂದು ಗಂಟೆ ಹಿಡಿಯಿತು.

ನನ್ನ ಹೆಸರು ಗುನ್ವೊರ್. ಮೂವತ್ತೊಂದು ವರ್ಷದಿಂದ ಈ ಭೌತಶಾಸ್ತ್ರದ ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಒಲೆ ಕಾಯುತ್ತಿದ್ದೇನೆ. ನನ್ನ ಬೆನ್ನ ಹಿಂದೆ ಹುಡುಗರೆಲ್ಲ ಒಲೆಯಮ್ಮ ಅನ್ನುತ್ತಾರೆ, ನನಗೆ ಕೇಳಿಸುವುದಿಲ್ಲ ಅಂದುಕೊಂಡಿದ್ದಾರೆ. ಒಲೆ ಅಂದರೆ ಒಂದು ಗಾಜಿನ ಕೊಳವೆ. ಅದರೊಳಗೆ ಉಗುರಿನಗಲದ ಬಿಲ್ಲೆ ಇಟ್ಟು, ಬಿಲ್ಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಹನಿಗಳನ್ನಿಟ್ಟು, ಅನಿಲ ಬಿಟ್ಟು ಕಾಯಿಸಿದರೆ ಒಂದೊಂದು ಹನಿಯ ಕೆಳಗೂ ಒಂದೊಂದು ತಂತಿ ಎದ್ದು ನಿಲ್ಲುತ್ತದೆ. ಕೂದಲಿನ ಸಾವಿರದಲ್ಲೊಂದು ಪಾಲು ದಪ್ಪ. ನ್ಯಾನೊ ತಂತಿ ಅನ್ನುವುದು ಅದಕ್ಕೇ.

ಈ ತಂತಿಗಳಲ್ಲಿ ಕೆಲವು ಬೆಳಕು ಕೊಡುತ್ತವೆ, ಕೆಲವು ಕೊಡುವುದಿಲ್ಲ. ಇಂಡಿಯಂ, ಆರ್ಸೆನಿಕ್ ಹಾಕಿ ಬೆಳೆಸಿದ ತಂತಿಗೆ ಲೇಸರ್ ತೋರಿಸಿದರೆ ಸಾಕು, ಹೊಳೆಯುತ್ತದೆ. ಸಿಲಿಕಾನ್ ಮತ್ತು ಜರ್ಮೇನಿಯಂನವು ಮಹಾ ಜಿಪುಣ ಜಾತಿ. ಏನು ಕೊಟ್ಟರೂ ಒಳಗೇ ಇಟ್ಟುಕೊಂಡು ಒಂದಿಷ್ಟು ಬೆಚ್ಚಗಾಗಿ ಸುಮ್ಮನಾಗುತ್ತವೆ. ಪ್ರಪಂಚದ ಕಂಪ್ಯೂಟರುಗಳೆಲ್ಲ ನಡೆಯುವುದು ಈ ಜಿಪುಣರ ಮೇಲೆಯೇ. ಅವುಗಳಿಂದ ಬೆಳಕು ಹೊರಡಿಸಿದವರ ಹೆಸರು ಉಳಿಯುತ್ತದೆ ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತಿತ್ತು.

ದೀಸಾ ಬಂದದ್ದು ಅದಕ್ಕೇ. ಉತ್ತರದ ತುತ್ತತುದಿಯ ಹುಡುಗಿ, ಉದ್ದಕ್ಕೆ ಬೆಳೆದವಳು, ಮಾತು ಕಡಿಮೆ. ಮೊದಲ ದಿನ ನಾನು ಒಲೆಯ ನಿಯಮಗಳನ್ನೆಲ್ಲ ಹೇಳಿ ಅರ್ಥವಾಯಿತಾ ಅಂತ ಕೇಳಿದರೆ ಅವಳು ಬಾಯಿ ಚೂಪು ಮಾಡಿ ಸುಯ್ ಅಂತ ಉಸಿರು ಒಳಗೆಳೆದುಕೊಂಡಳು. ನನಗೆ ಗಾಬರಿಯಾಯಿತು.

“ಉಬ್ಬಸ ಏನಾದ್ರೂ ಇದೆಯಾ ನಿಂಗೆ?”

“ಇಲ್ಲಪ್ಪ. ಹೂಂ ಅಂದೆ.”

“ಇದು ಯಾವ ಸೀಮೆ ಹೂಂ?”

“ನಮ್ಮ ಕಡೆ ಚಳಿಗೆ ಬಾಯಿ ತೆಗೆದ್ರೆ ನಾಲಿಗೆ ಹೆಪ್ಪುಗಟ್ಟುತ್ತೆ. ಅದಕ್ಕೆ ಹೂಂ ಅನ್ನೋದನ್ನ ಒಳಗೇ ಅಂದ್ಕೊಂಡುಬಿಡ್ತೀವಿ,” ಅಂದಳು. “ನಿಮ್ಮ ದಕ್ಷಿಣದ ಸ್ಕೋನೆ ಸೀಮೆಯವರ ಹಾಗೆ ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಕೊಂಡು ಮಾತಾಡೋಕೆ ನಮಗೆ ಬರಲ್ಲ.”

ನಕ್ಕುಬಿಟ್ಟೆ. ನನ್ನ ಮುಖಕ್ಕೇ ಹಾಗೆ ಹೇಳಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಅವತ್ತಿನಿಂದ ಅವಳೆಂದರೆ ನನಗೆ ಇಷ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದನ್ನು ಕೇಳಿದರೆ ನೀವು ನಂಬಲಿಕ್ಕಿಲ್ಲ.

ಅವಳ ಯೋಚನೆ ಸರಳವಾಗಿತ್ತು. ಜರ್ಮೇನಿಯಂ ದಪ್ಪ ಗಟ್ಟಿಯಾಗಿದ್ದಾಗ ಅದರ ಕಣಗಳು ಒಂದು ಬಗೆಯಲ್ಲಿ ಜೋಡಿಸಿಕೊಂಡಿರುತ್ತವೆ, ಹಾಗಾಗಿ ಬೆಳಕು ಕೊಡುವುದಿಲ್ಲ. ತಂತಿಯಷ್ಟು ತೆಳುವಾದರೆ ಅವನ್ನು ಬೇರೆ ಬಗೆಯಲ್ಲಿ ಜೋಡಿಸಬಹುದು, ಆಗ ಕೊಡಬಹುದು. ಕೊಟ್ಟರೂ ಕಣ್ಣಿಗೆ ಕಾಣುವ ಬೆಳಕಲ್ಲ ಅದು, ಕೆಂಪಿನ ಆಚೆಯದು. ಯಂತ್ರದ ಪರದೆಯ ಮೇಲೆ ಒಂದು ಗುಡ್ಡ ಎದ್ದರೆ ಬೆಳಕು ಬಂತು ಅಂತ ಅರ್ಥ. ಒಂದೂವರೆ ವರ್ಷ ಅವಳು ಆ ಗುಡ್ಡಕ್ಕಾಗಿ ಕಾದಳು. ಪರದೆಯ ಗೆರೆ ಮಾತ್ರ ನಮ್ಮ ಸ್ಕೋನೆಯ ಬಯಲಿನ ಹಾಗೆ ಮಟ್ಟಸವಾಗಿ ಮಲಗಿರುತ್ತಿತ್ತು.

ಈಗ ಆ ಶುಕ್ರವಾರದ ವಿಷಯ. ಮೂರು ವರ್ಷದ ಹಿಂದಿನ ಆಗಸ್ಟ್ ತಿಂಗಳು. ಒಲೆಯನ್ನು ಬೇರೆ ತಂಡದವರೂ ಬಳಸುತ್ತಾರೆ, ಅವರದು ಇಂಡಿಯಂ ಕೆಲಸ. ಇಂಡಿಯಂ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಮುಂದಿನವರ ತಂತಿಗೆ ಬೀಳುತ್ತದೆ. ಹಾಗಾಗಿ ಅವರ ಕೆಲಸ ಮುಗಿದ ಮೇಲೆ ಒಲೆಯನ್ನು ಖಾಲಿ ಕಾಯಿಸಿ ಸುಟ್ಟು ಶುದ್ಧ ಮಾಡಬೇಕು. ಐದು ಗಂಟೆ. ಒಲೆ ಬಿಸಿಯಿರುವಾಗ ಯಾರಾದರೂ ಕಟ್ಟಡದಲ್ಲಿ ಇರಲೇಬೇಕು, ಅದು ನಿಯಮ, ಬರೆದವಳು ನಾನೇ.

ಅವತ್ತು ಕಿವಿಕ್ ಅನ್ನುವ ಕಡಲ ಊರಿನಲ್ಲಿ, ತಂಗಿಯ ಮನೆಯಲ್ಲಿ ಸಿಗಡಿ ಊಟ. ವರ್ಷಕ್ಕೊಮ್ಮೆ ಬರುವ ಊಟ: ಸಬ್ಬಸಿಗೆ ಹಾಕಿ ಬೇಯಿಸಿದ ಕೆಂಪು ಸಿಗಡಿ, ತಲೆಗೆ ಕಾಗದದ ಟೋಪಿ, ಹಾಡು, ಪುಟ್ಟ ಲೋಟಗಳಲ್ಲಿ ಮದ್ಯ. ತಂಗಿಯದು ಫೋನಿನ ಮೇಲೆ ಫೋನು. “ನಿನ್ನ ಹಾಳು ಒಲೆಗೆ ಒಂದು ದಿನ ರಜ ಕೊಡೇ, ಅದೇನು ಹಾಲು ಕುಡಿಯೋ ಮಗುವಾ?” ನಾನು ನಲವತ್ತು ನಿಮಿಷ ಕಾಯಿಸಿ ಆರಿಸಿದೆ. ಒಲೆಯ ಪುಸ್ತಕದಲ್ಲಿ ‘ಐದು ಗಂಟೆ’ ಅಂತ ಬರೆದು ಸಹಿ ಹಾಕಿ ಬಸ್ಸು ಹಿಡಿದೆ. ಮೂವತ್ತೊಂದು ವರ್ಷದಲ್ಲಿ ಅದೊಂದೇ ಸಲ.

ಸೋಮವಾರ ದೀಸಾ ತನ್ನ ತಂತಿ ಬೆಳೆಸಿದಳು. ಬುಧವಾರ ಮಧ್ಯಾಹ್ನ, ಮೂರರ ಕಾಫಿಗೆ ನಾನು ಬನ್ನು ಬಿಸಿ ಮಾಡುತ್ತಿದ್ದಾಗ ಮೆಟ್ಟಿಲು ದಡದಡ ಇಳಿದು ಬಂದಳು. ಕೆನ್ನೆ ಕೆಂಪಗಾಗಿತ್ತು.

“ಗುನ್ವೊರ್, ಗುಡ್ಡ ಎದ್ದಿದೆ! ಇಷ್ಟು ದೊಡ್ಡದು! ಬಾ, ಬಾ, ನೋಡು ಬಾ!”

ಬನ್ನು ಅಲ್ಲೇ ಬಿಟ್ಟೆ. ಸಂತೋಷಕ್ಕಲ್ಲ. ನಲವತ್ತು ನಿಮಿಷ ನೆನಪಾಯಿತು. ಹೋಗಿ ನೋಡಿದೆ. ಪರದೆಯ ಮೇಲೆ ಗುಡ್ಡ ನಿಜವಾಗಿಯೂ ಎದ್ದಿತ್ತು. ಇಂಡಿಯಂ ಬೆಳಕು ಬರುವ ಜಾಗಕ್ಕೆ ತೀರ ಹತ್ತಿರ. ನನಗೆ ಇನ್ನೇನೂ ಬೇಕಾಗಲಿಲ್ಲ. ನನ್ನ ಕೊಳೆ ಹೊಳೆಯುತ್ತಿದೆ ಅಂತ ಅಲ್ಲೇ ತೀರ್ಮಾನಿಸಿಬಿಟ್ಟೆ.

“ಕೊಳೆ,” ಅಂದೆ.

“ಏನು?”

“ಇಂಡಿಯಂ ಕೊಳೆ. ನಿನ್ನ ಜರ್ಮೇನಿಯಂ ಅಲ್ಲ ಇದು.”

ಅವಳ ಮುಖ ಸಣ್ಣಗಾಯಿತು. ಆದರೂ ಬಿಡಲಿಲ್ಲ. “ಶುಕ್ರವಾರ ನೀನೇ ಐದು ಗಂಟೆ ಸುಟ್ಟಿದೀಯಲ್ಲ, ಪುಸ್ತಕದಲ್ಲಿ ನೋಡಿದೆ. ಎಲ್ಲಿಂದ ಬರುತ್ತೆ ಇಂಡಿಯಂ?”

ಇಲ್ಲಿ ನಾನು ಒಂದು ಮಾತು ಹೇಳಬೇಕಿತ್ತು. ‘ಸುಟ್ಟಿಲ್ಲ ಕಣೇ, ಸಿಗಡಿ ತಿನ್ನೋಕೆ ಓಡಿಹೋದೆ’ ಅಂತ. ಅವಳು ಬೈಯುತ್ತಿದ್ದಳು, ಒಂದು ವಾರ ಮುಖ ಊದಿಸಿಕೊಳ್ಳುತ್ತಿದ್ದಳು, ಅಷ್ಟೆ. ಆದರೆ ನನ್ನ ಬಾಯಿಂದ ಬಂದದ್ದೇ ಬೇರೆ.

“ಕೊಳವೆ ಹಳೇದಾಗಿದೆ, ಎಷ್ಟು ಸುಟ್ರೂ ಬಿಡಲ್ಲ. ಹತ್ತು ಸಲ ನೋಡಿದೀನಿ ನಾನು. ನೀನು ಹುಟ್ಟೋಕೆ ಮುಂಚೆಯಿಂದ ನೋಡ್ತಿದೀನಿ.”

“ಹಾಗಾದ್ರೆ ನಾಳೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿಬಿಡ್ತೀನಿ. ಇಂಡಿಯಂ ಇದ್ರೆ ಗೊತ್ತಾಗುತ್ತೆ, ಇಲ್ದಿದ್ರೂ ಗೊತ್ತಾಗುತ್ತೆ.”

ಅದು ಸರಿಯಾದ ಮಾತು. ಒಂದು ದಿನದ ಕೆಲಸ. ಆದರೆ ಅದರಲ್ಲಿ ಇಂಡಿಯಂ ಸಿಕ್ಕಿದರೆ ‘ಎಷ್ಟು ಸಿಕ್ಕಿತು, ಯಾಕೆ ಸಿಕ್ಕಿತು’ ಅಂತ ಕೇಳುತ್ತಾರೆ. ಒಲೆಯೊಳಗಿನ ಶಾಖದ ದಾಖಲೆ ತೆಗೆಯುತ್ತಾರೆ. ಗುನ್ವೊರ್ ಸುಳ್ಳು ಸಹಿ ಹಾಕಿದ್ದಾಳೆ ಅಂತ ಕಟ್ಟಡವೆಲ್ಲ ಮಾತಾಡುತ್ತದೆ. ನನಗೆ ಆ ಹೊತ್ತಿಗೆ ಕಂಡದ್ದು ಇಷ್ಟೇ. ಅವಳ ಒಂದೂವರೆ ವರ್ಷ ಕಾಣಲಿಲ್ಲ.

“ಆ ಯಂತ್ರಕ್ಕೆ ಜನ ತಿಂಗಳುಗಟ್ಟಲೆ ಸರದಿ ಕಾಯ್ತಾರೆ. ಕೊಳೆ ನೋಡೋಕೆ ಸರದಿ ಹಾಳು ಮಾಡ್ತೀಯಾ? ಹೊಸ ಕೊಳವೆ ಹಾಕ್ಕೊಡ್ತೀನಿ, ಇನ್ನೊಂದು ಸಲ ಬೆಳೆಸು. ನಿಜವಾದ ಬೆಳಕಾದ್ರೆ ಮತ್ತೆ ಬರುತ್ತೆ.”

ಕಾಫಿ ಮೇಜಿನಲ್ಲಿ ಅವಳು ಪ್ರೊಫೆಸರ್ ಹೋಲ್ಗೆರ್‌ಗೂ ಹೇಳಿದಳು. ಹೋಲ್ಗೆರ್ ಒಳ್ಳೆಯವನೇ, ಆದರೆ ನೆಲಮಾಳಿಗೆಗೆ ಇಳಿದು ವರ್ಷಗಳಾಗಿದ್ದವು. ಬನ್ನಿನ ಸಕ್ಕರೆ ಒರೆಸಿಕೊಳ್ಳುತ್ತ, “ಗುನ್ವೊರ್ ಕೊಳೆ ಅಂದ್ರೆ ಕೊಳೇನೇ. ಅವಳ ಮೂಗಿನ ಮುಂದೆ ಸೂಕ್ಷ್ಮದರ್ಶಕ ಯಾತಕ್ಕೆ?” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಥೂ, ಆ ನಗು ನೆನಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಾಚಿಕೆಗೆ ಮೂರು ದಿನ ಒಲೆ ಉಜ್ಜಿದೆ. ಹೊಸ ಕೊಳವೆ ಹಾಕಿದೆ, ಎರಡು ಸಲ ಸುಟ್ಟೆ. ದೀಸಾ ಮತ್ತೆ ತಂತಿ ಬೆಳೆಸಿದಳು. ಗೆರೆ ಮಟ್ಟಸವಾಗಿ ಮಲಗಿತ್ತು. ಏಳು ಸಲ ಬೆಳೆಸಿದಳು. ಏಳು ಸಲವೂ ಕತ್ತಲೆ. ಕೊನೆಗೆ ಆ ಹೊಳೆದ ಬಿಲ್ಲೆಯ ಪುಟ್ಟ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟಳು.

“ನೀನು ಹೇಳಿದ್ದೇ ಸರಿ. ಎಸೆದುಬಿಡು, ನನ್ನ ಕೈಯಲ್ಲಿ ಆಗಲ್ಲ.”

ನಾನು ಅದನ್ನು ಸ್ಪ್ಯಾನರುಗಳ ಡ್ರಾಯರಿನೊಳಗೆ ಹಾಕಿದೆ. ಎಸೆಯಲು ನನ್ನ ಕೈಯಲ್ಲೂ ಆಗಲಿಲ್ಲ.

ಅವಳು ವಿಷಯ ಬದಲಾಯಿಸಿದಳು. ಅದೇ ತಂತಿಗಳಲ್ಲಿ ಶಾಖ ಹೇಗೆ ಹರಿಯುತ್ತದೆ ಅನ್ನುವುದರ ಮೇಲೆ ಬರೆಯತೊಡಗಿದಳು. ಅಚ್ಚುಕಟ್ಟಾದ ಕೆಲಸ, ಯಾರೂ ತಪ್ಪು ಹುಡುಕಲಾರರು, ಯಾರೂ ನೆನಪಿಟ್ಟುಕೊಳ್ಳಲಾರರು. ಮೆಟ್ಟಿಲು ದಡದಡ ಇಳಿಯುವುದು ನಿಂತುಹೋಯಿತು. ಊರಿಗೆ ಹೋಗಿ ಶಾಲೆಯಲ್ಲಿ ಪಾಠ ಮಾಡುತ್ತೇನೆ ಅಂತ ಹೇಳತೊಡಗಿದಳು.

ಈ ವರ್ಷ ಫೆಬ್ರವರಿಯಲ್ಲಿ, ಕಾಫಿಯ ಹೊತ್ತಿಗೆ, ಹೋಲ್ಗೆರ್ ಒಂದು ಲೇಖನ ಹಿಡಿದುಕೊಂಡು ಬಂದ. ಬೇರೆ ದೇಶದ ಒಂದು ತಂಡ ಜರ್ಮೇನಿಯಂ ತಂತಿಯಿಂದ ಬೆಳಕು ಹೊರಡಿಸಿತ್ತು. ಚಿತ್ರವನ್ನು ಮೇಜಿನ ಮೇಲೆ ಹರಡಿದ. ಗುಡ್ಡ. ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ. ದೀಸಾ ಬಗ್ಗಿ ತುಂಬ ಹೊತ್ತು ನೋಡಿದಳು. ಸುಯ್ ಅಂತ ಉಸಿರು ಒಳಗೆಳೆದುಕೊಂಡಳು. ಕಪ್ಪು ತೊಳೆದಿಟ್ಟು ಹೊರಟುಹೋದಳು.

ನಾನು ಲೇಖನ ಕೆಳಗೆ ತಂದು ಓದಿದೆ. ಬೆಳಕು ಬರುವುದು ಹತ್ತು ಡಿಗ್ರಿಯಷ್ಟು ಕಿರಿದಾದ ಶಾಖದ ಕಿಂಡಿಯಲ್ಲಿ ಮಾತ್ರ ಅಂತ ಬರೆದಿದ್ದರು. ಹಳೆಯ ಕೊಳವೆಯ ಗೋಡೆಯಲ್ಲಿ ಮಸಿ ದಿನದಿನಕ್ಕೆ ದಪ್ಪವಾಗಿ, ಆ ಆಗಸ್ಟಿನ ಹೊತ್ತಿಗೆ ಕಿಂಡಿಗೆ ಸರಿಹೊಂದುವಷ್ಟು ಶಾಖ ನುಂಗುತ್ತಿತ್ತು. ನನ್ನ ಹೊಸ ಕೊಳವೆ ಫಳಫಳ ಅನ್ನುತ್ತಿತ್ತು, ಹಾಗಾಗಿ ಒಳಗೆ ಹತ್ತೋ ಹದಿನೈದೋ ಡಿಗ್ರಿ ಹೆಚ್ಚು. ನಾಚಿಕೆಯಿಂದ ಉಜ್ಜಿ ಉಜ್ಜಿ ನಾನೇ ಆ ಕಿಂಡಿ ಮುಚ್ಚಿದ್ದೆ.

ಡ್ರಾಯರಿನಿಂದ ಡಬ್ಬಿ ತೆಗೆದು, ಸರದಿ ಹಿಡಿದು, ಬಿಲ್ಲೆಯನ್ನು ನಾನೇ ಸೂಕ್ಷ್ಮದರ್ಶಕದಲ್ಲಿಟ್ಟೆ. ಮೂರು ವರ್ಷದ ಹಿಂದೆ ಅವಳು ಮಾಡಬೇಕೆಂದಿದ್ದ ಅದೇ ಒಂದು ದಿನದ ಕೆಲಸ. ಇಂಡಿಯಂ ಇರಲಿಲ್ಲ. ಮೂಲೆಮೂಲೆ ಹುಡುಕಿದೆ, ಒಂದು ಚೂರೂ ಇರಲಿಲ್ಲ. ಲೇಸರ್ ಕೆಳಗಿಟ್ಟೆ. ಗುಡ್ಡ ಎದ್ದಿತು. ಆ ಬಿಲ್ಲೆ ಡ್ರಾಯರಿನಲ್ಲಿ ಸ್ಪ್ಯಾನರುಗಳ ನಡುವೆ ಬಿದ್ದುಕೊಂಡು ಮೂರು ವರ್ಷವೂ ಕೊಡಲು ಸಿದ್ಧವಾಗಿಯೇ ಇತ್ತು. ಕುರ್ಚಿಯಲ್ಲಿ ಕೂತು ಅತ್ತೆ. ಆಮೇಲೂ ಎರಡು ತಿಂಗಳು ಅವಳಿಗೆ ಹೇಳಲಿಲ್ಲ.

ಮೊಳೆ ಹೊಡೆಯುವ ದಿನ ಬೆಳಿಗ್ಗೆ ಪುಸ್ತಕ ನನ್ನ ಮೇಜಿಗೆ ಬಂತು. ಕೊರೆಯುವ ಮುಂಚೆ ತೆರೆದು ನೋಡಿದೆ. ಮೂವತ್ತೇಳನೆಯ ಪುಟದಲ್ಲಿ ಒಂದು ಸಾಲು: ‘ನಮ್ಮ ತಂತಿಗಳಿಂದ ಬೆಳಕು ಕಂಡುಬರಲಿಲ್ಲ.’ ಕೊನೆಯಲ್ಲಿ ಕೃತಜ್ಞತೆಗಳು. ‘ಒಲೆ ಕಾಯುವ ಗುನ್ವೊರ್‌ಗೆ, ಬೆಳಕು ಕಂಡ ತಕ್ಷಣ ನಂಬಬಾರದು ಎಂದು ಕಲಿಸಿದ್ದಕ್ಕೆ.’ ಯಾರು ಬೇಕಾದರೂ ತಪ್ಪು ಹುಡುಕಲಿ ಅಂತ ತಾನೇ ಪುಸ್ತಕ ನೇತುಹಾಕುವುದು? ತಪ್ಪು ಗೊತ್ತಿದ್ದವಳು ನಾನೊಬ್ಬಳೇ. ಡ್ರಿಲ್ಲು ಹಿಡಿದುಕೊಂಡು ಹಾಗೇ ಕೂತಿದ್ದೆ.

ಹತ್ತು ಗಂಟೆಗೆ ದೀಸಾ ಬಂದಳು. ಹೊಸ ಅಂಗಿ, ಕೈಯಲ್ಲಿ ಸುತ್ತಿಗೆ.

“ಏನು ಒಲೆಯಮ್ಮ, ಇನ್ನೂ ಕೊರೆದಿಲ್ವಾ? ಮೇಲೆ ಕೇಕು ಕಾಯ್ತಿದೆ.”

ಹೇಳಿಬಿಟ್ಟೆ. ನಲವತ್ತು ನಿಮಿಷ, ಬಸ್ಸು, ಸುಳ್ಳು ಸಹಿ, ಕೊಳವೆ, ಎಲ್ಲ. ಎರಡು ಹಾಳೆಗಳನ್ನು ಅವಳ ಮುಂದಿಟ್ಟೆ. ಒಂದರಲ್ಲಿ ಇಂಡಿಯಂ ಇಲ್ಲ ಅಂತ ಇತ್ತು, ಇನ್ನೊಂದರಲ್ಲಿ ಗುಡ್ಡ ಇತ್ತು. ಅವಳು ಸುತ್ತಿಗೆ ಕೆಳಗಿಟ್ಟು, ಬೆರಳಿನಿಂದ ಗುಡ್ಡದ ಏರು ಇಳಿವನ್ನು ಮೆಲ್ಲಗೆ ಸವರಿದಳು.

“ನಿಜ ಆಗಿತ್ತು,” ಅಂದಳು.

“ನಿಜ ಆಗಿತ್ತು ಕಣೇ.”

ಬೈಯುತ್ತಾಳೆ ಅಂದುಕೊಂಡೆ. ಸುತ್ತಿಗೆ ಎತ್ತಿದರೂ ತಲೆ ಒಡ್ಡುತ್ತಿದ್ದೆ. ಅವಳು ಎರಡೂ ಹಾಳೆಗಳನ್ನು ಜೋಡಿಸಿ ನನ್ನ ಕಡೆ ಸರಿಸಿದಳು.

“ಸಿಗಡಿ ಚೆನ್ನಾಗಿತ್ತಾ?” ಅಂತ ಕೇಳಿದಳು.

ವ್ಯಂಗ್ಯ ಇರಲಿಲ್ಲ ಅದರಲ್ಲಿ. ತಿಳಿದುಕೊಳ್ಳಬೇಕು ಅಂತಲೇ ಕೇಳಿದಳು. ಮತ್ತೊಂದು ಸುಳ್ಳು ನನ್ನ ಕೈಯಲ್ಲಿ ಆಗಲಿಲ್ಲ.

“ಚೆನ್ನಾಗಿತ್ತು.”

“ಸರಿ. ಕೊರಿ ಈಗ.”

“ದೀಸಾ, ಮೂವತ್ತೇಳನೇ ಪುಟ ತಿದ್ದೋಣ. ಒಂದು ಚೀಟಿ ಅಂಟಿಸೋಣ. ನಾನೇ ಹೋಲ್ಗೆರ್‌ಗೆ ಹೇಳ್ತೀನಿ.”

“ಏನು ಅಂತ? ಆ ಬೇರೆ ದೇಶದವರು ಮುಂದೆ ಹೋಗಿಯಾಯ್ತು. ನಂಗೂ ಕಂಡಿತ್ತು, ನಂಗೂ ಕಂಡಿತ್ತು ಅನ್ನೋರು ಪ್ರತಿ ಊರಲ್ಲೂ ಒಬ್ರು ಇರ್ತಾರೆ. ಕೊರಿ, ಗುನ್ವೊರ್.”

ಕೊರೆದೆ. ಮೇಲೆ ಹೋದೆವು. ಪ್ರತಿ ಸಲದ ಹಾಗೆ ಪುಸ್ತಕವನ್ನು ಹಲಗೆಗೆ ಒತ್ತಿ ಹಿಡಿದವಳು ನಾನು, ಹೊಡೆದವಳು ಅವಳು. ಮೂರೇ ಏಟು, ಮೊಳೆ ನೇರವಾಗಿ ಹೋಯಿತು.

ಮೂರು ವಾರದ ಮೇಲೆ ಪರೀಕ್ಷೆ. ದೊಡ್ಡ ಸಭಾಂಗಣ ತುಂಬಿತ್ತು. ಉತ್ತರದಿಂದ ಅವಳ ಅಪ್ಪ ಅಮ್ಮನೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಪ್ರಶ್ನೆ ಕೇಳಲು ಬಂದವಳು ಹೊರಗಿನ ಪ್ರೊಫೆಸರ್, ತಾಳ್ಮೆಯ ಹೆಂಗಸು. ಎರಡು ಗಂಟೆ ಶಾಖದ ಬಗ್ಗೆ ಕೇಳಿದಳು. ಕೊನೆಗೆ ಪುಟ ತಿರುವಿ ನಿಂತಳು.

“ಮೂವತ್ತೇಳನೇ ಪುಟದಲ್ಲಿ ಬೆಳಕು ಕಂಡುಬರಲಿಲ್ಲ ಅಂತ ಇದೆ. ಈ ವರ್ಷ ಬಂದ ಲೇಖನ ನೀನೂ ನೋಡಿರ್ತೀಯ. ಒಂದು ಸಲವೂ ಕಾಣಲಿಲ್ವಾ?”

ದೀಸಾ ಹಿಂದಿನ ಸಾಲಿನ ಕಡೆ ನೋಡಿದಳು. ನಾನು ಕೂತಿದ್ದದ್ದು ಅಲ್ಲೇ.

“ಒಂದು ಸಲ ಕಂಡಿತ್ತು,” ಅಂದಳು. “ಕೊಳೆ ಅಂದ್ಕೊಂಡೆ. ಪರೀಕ್ಷೆ ಮಾಡಿ ನೋಡಲಿಲ್ಲ.”

ಸಭೆಯಲ್ಲಿ ಗುಜುಗುಜು ಎದ್ದಿತು. ಹೋಲ್ಗೆರ್ ತಲೆ ತಗ್ಗಿಸಿದ. ಪ್ರೊಫೆಸರ್ ಕನ್ನಡಕ ತೆಗೆದು, “ಅಯ್ಯೋ, ಅದೊಂದು ದಿನದ ಕೆಲಸ ಆಗಿತ್ತಲ್ಲ,” ಅಂದಳು. ಮೆತ್ತಗೇ ಹೇಳಿದಳು. ದೀಸಾಳ ಅಪ್ಪ ಏನೂ ಅರ್ಥವಾಗದೆ ಮಗಳ ಮುಖವನ್ನೇ ನೋಡುತ್ತಿದ್ದ.

“ಹೌದು,” ಅಂದಳು ದೀಸಾ. “ನನ್ನ ತಪ್ಪು.”

ಆಮೇಲೆ ಅಧ್ಯಕ್ಷನು ಎದ್ದು ಪ್ರತಿ ಸಲ ಕೇಳುವುದನ್ನು ಕೇಳಿದ: ಸಭೆಯಲ್ಲಿ ಯಾರಿಗಾದರೂ ಏನಾದರೂ ಹೇಳುವುದಿದೆಯೇ? ಕೇಳಿ ಕಾದ. ನನ್ನ ಕೈ ಮುಂದಿನ ಕುರ್ಚಿಯ ಬೆನ್ನು ಹಿಡಿದಿತ್ತು. ಏಳಬೇಕು ಅಂತ ಕಾಲಿಗೆ ಹೇಳಿದೆ. ಆಣೆಯಾಗಿಯೂ ಹೇಳಿದೆ. ಅಧ್ಯಕ್ಷ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಧನ್ಯವಾದ ಹೇಳಿ ಮುಗಿಸಿದ. ನಾನು ಏಳಲಿಲ್ಲ.

ಅವಳು ಪಾಸಾದಳು. ಮೊಳೆಯಿಂದ ಬಿಚ್ಚಿದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಎಲ್ಲರಿಗೂ ಕೇಕು ಹಂಚುತ್ತ ಬಂದಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ನನ್ನ ಕೈಗೂ ಒಂದು ತಟ್ಟೆ ಕೊಟ್ಟಳು. ಮುಂದೆ ಹೋಗಲಿಲ್ಲ, ನಾನು ಒಂದು ತುಂಡು ಬಾಯಿಗೆ ಹಾಕಿಕೊಳ್ಳುವವರೆಗೂ ನಿಂತೇ ಇದ್ದಳು.

“ಚೆನ್ನಾಗಿದೆಯಾ?” ಅಂತ ಕೇಳಿದಳು.

ಚೆನ್ನಾಗಿದೆ ಅಂದೆ. ಅವಳು ಸುಯ್ ಅಂತ ಉಸಿರು ಒಳಗೆಳೆದುಕೊಂಡು ಮುಂದಿನವರ ಕಡೆ ಹೋದಳು.